ಐದು ವರ್ಷದ ಮದುವೆ, 152 ದಿನದ ಸಂಸಾರ: ಕಾಸರಗೋಡಿನ ಒಂದು ಪ್ರಕರಣ

ಮಕ್ಕಳಾಗಲಿಲ್ಲ ಎಂದು ಬರುವ ದಂಪತಿಯ ಫೈಲು ಸಾಮಾನ್ಯವಾಗಿ ಹೆಂಡತಿಯ ಹೆಸರಿನಲ್ಲಿರುತ್ತದೆ. ಈ ಫೈಲೂ ಹಾಗೆಯೇ ಇತ್ತು. ಹೆಂಡತಿಗೆ 29 ವರ್ಷ, ಗಂಡನಿಗೆ 35. ಊರು ಪೆರ್ಲದ ಕಡೆ. ಗಂಡ ಶಾರ್ಜಾದ ಹೋಟೆಲೊಂದರಲ್ಲಿ ಅಡುಗೆಯವರು. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ. ಚಿಕಿತ್ಸೆಯ ಹಾದಿ ಮಾತ್ರ ನಡೆದ ಹಾಗೆಯೇ ಇದೆ.

ಫೈಲಿನಲ್ಲಿ ಇದ್ದದ್ದಿಷ್ಟು: ಆರು ಸ್ಕ್ಯಾನಿಂಗ್ ವರದಿಗಳು, ಗರ್ಭನಾಳಕ್ಕೆ ಬಣ್ಣ ಬಿಟ್ಟು ನೋಡುವ ಒಂದು ಟ್ಯೂಬ್ ಟೆಸ್ಟ್, ಅಂಡ ಬೆಳೆಸುವ ಕ್ಲೋಮಿಫೀನ್ ಮಾತ್ರೆಯನ್ನು ನಾಲ್ಕು ತಿಂಗಳು ಕೊಟ್ಟ ಚೀಟಿಗಳು, ಗಂಡನ ಎರಡು ವೀರ್ಯ ಪರೀಕ್ಷೆ, ಕೊನೆಯಲ್ಲಿ ಎರಡು ಲಕ್ಷ ರೂಪಾಯಿಯ ಸುತ್ತಮುತ್ತ ಖರ್ಚು ತೋರಿಸಿದ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಅಂದಾಜು ಪಟ್ಟಿ. ಗಂಡನ ಎರಡನೇ ವರದಿಯಲ್ಲಿ ವೀರ್ಯಾಣು ಸೊನ್ನೆ. ವೃಷಣದಿಂದ ಸೂಜಿಯಲ್ಲಿ ವೀರ್ಯಾಣು ತೆಗೆದು ಇಕ್ಸಿ, ಅಂದರೆ ಅದನ್ನು ನೇರ ಅಂಡದೊಳಗೆ ಸೇರಿಸುವ ಚಿಕಿತ್ಸೆ, ಮಾಡಬೇಕು, ಬೇರೆ ದಾರಿಯಿಲ್ಲ ಎಂದು ಅವರಿಗೆ ಹೇಳಲಾಗಿತ್ತು.

ಮೊದಲು ಕೇಳಬೇಕಾದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ಮದುವೆಯಾಗಿ ಎಷ್ಟು ವರ್ಷ ಅಂತಲ್ಲ, ಒಟ್ಟಿಗೆ ಇದ್ದದ್ದು ಎಷ್ಟು ದಿನ?"

ಗಂಡನ ಪಾಸ್‌ಪೋರ್ಟ್ ತರಿಸಿ, ಬಂದ ಮೊಹರು, ಹೋದ ಮೊಹರು ಜೋಡಿಸಿ ಲೆಕ್ಕ ಹಾಕಿದೆವು. ಮದುವೆಯ ಹೊತ್ತಿಗೆ 35 ದಿನ, ಆಮೇಲೆ ಮೂರು ರಜೆಗಳಲ್ಲಿ 45, 30, 42. ಒಟ್ಟು 152 ದಿನ, ಅಂದರೆ ಐದು ತಿಂಗಳು. ಗರ್ಭನಿರೋಧಕ ಬಳಸದೆ, ನಿಯಮಿತ ಸಂಪರ್ಕವಿದ್ದೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ಮಾತ್ರ ವೈದ್ಯಶಾಸ್ತ್ರ ಅದನ್ನು ಬಂಜೆತನ ಎನ್ನುತ್ತದೆ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಪರೀಕ್ಷೆ ಶುರು ಮಾಡುತ್ತಾರೆ. ಇವರು ಆ ಗಡಿಯ ಹತ್ತಿರವೂ ಬಂದಿರಲಿಲ್ಲ.

ಅದರಲ್ಲೂ ಆ 152 ದಿನಗಳಲ್ಲಿ ನಿಜವಾದ ಅವಕಾಶಗಳೆಷ್ಟು? ಹೆಂಡತಿಗೆ ಮುಟ್ಟು ಬರುವುದು 40ರಿಂದ 50 ದಿನಕ್ಕೊಮ್ಮೆ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಆದ್ದರಿಂದ ಇವರಿಗೆ ಅದು 26ರಿಂದ 36ನೇ ದಿನದ ನಡುವೆ ಎಲ್ಲೋ ಬೀಳುತ್ತದೆ, ಕೆಲವು ತಿಂಗಳು ಆಗುವುದೇ ಇಲ್ಲ. ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ ಮಾತ್ರ. 30 ದಿನದ ರಜೆಯಲ್ಲಿ ಆ ಆರು ದಿನ ಬಾರದೇ ಹೋಗಿದ್ದರೂ ಆಶ್ಚರ್ಯವಿಲ್ಲ. ಐದು ವರ್ಷಗಳಲ್ಲಿ ಈ ದಂಪತಿಗೆ ಸಿಕ್ಕಿದ ಅವಕಾಶ ಹೆಚ್ಚೆಂದರೆ ಮೂರೋ ನಾಲ್ಕೋ. ಇಷ್ಟಕ್ಕೇ ಮನೆಯಲ್ಲಿ ಅತ್ತೆ ಆಶ್ಲೇಷಾ ಬಲಿ ಮಾಡಿಸಿದ್ದರು, ದೈವಕ್ಕೆ ಹರಕೆ ಹೇಳಿದ್ದರು. ಅದರಲ್ಲಿ ತಪ್ಪೇನಿಲ್ಲ, ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಆ ಹುಡುಗಿಯನ್ನು ನೆಂಟರಿಷ್ಟರ ಮನೆಯ ಸೀಮಂತಕ್ಕೆ ಕರೆಯುವುದನ್ನೇ ಬಿಟ್ಟಿದ್ದರು. ಮೊಹರು ಎಣಿಸಿ ನೋಡುವ ಹತ್ತು ನಿಮಿಷದ ಕೆಲಸವನ್ನು ಮೊದಲೇ ಯಾರಾದರೂ ಮಾಡಿದ್ದರೆ ಅಷ್ಟು ನೋವು ಆಕೆಗೆ ಬೇಕಿರಲಿಲ್ಲ.

ಕ್ಲೋಮಿಫೀನ್ ಚೀಟಿಗಳ ತಾರೀಕನ್ನು ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟಾಗ ಇನ್ನೊಂದು ವಿಷಯ ಕಂಡಿತು. ನಾಲ್ಕರಲ್ಲಿ ಎರಡು ತಿಂಗಳು ಮಾತ್ರೆ ನುಂಗಿದ್ದು ಗಂಡ ಶಾರ್ಜಾದಲ್ಲಿದ್ದಾಗ. ಅಂಡ ಬೆಳೆಸುವ ಮದ್ದನ್ನು ಗಂಡ ಊರಿನಲ್ಲಿಲ್ಲದ ತಿಂಗಳು ತೆಗೆದುಕೊಂಡು ಏನೂ ಪ್ರಯೋಜನವಿಲ್ಲ. ಆದರೂ ಆ ಎರಡು ತಿಂಗಳು "ಮದ್ದು ಹಿಡಿಯಲಿಲ್ಲ" ಎಂಬ ಲೆಕ್ಕಕ್ಕೆ ಸೇರಿಹೋಗಿದ್ದವು.

ಮೊದಲ ವೀರ್ಯ ಪರೀಕ್ಷೆ ಕೆಟ್ಟದ್ದು ಎಲ್ಲಿ

ಮೊದಲ ವರದಿ ಎರಡನೇ ರಜೆಯದ್ದು. ಮಿಲಿಲೀಟರಿಗೆ 22 ಮಿಲಿಯನ್ (2.2 ಕೋಟಿ) ವೀರ್ಯಾಣು, ಒಟ್ಟು ಚಲನೆ ಶೇ 14. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ ಕನಿಷ್ಠ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿ, ಸಾಂದ್ರತೆ ಮಿಲಿಗೆ 16 ಮಿಲಿಯನ್, ಒಟ್ಟು ಸಂಖ್ಯೆ 39 ಮಿಲಿಯನ್, ಒಟ್ಟು ಚಲನೆ ಶೇ 42, ಮುನ್ನುಗ್ಗುವ ಚಲನೆ ಶೇ 30, ಸರಿಯಾದ ಆಕಾರದವು ಶೇ 4. ಅಂದರೆ ಇವರ ಕೌಂಟ್ ಸರಿಯಿತ್ತು, ಕೆಟ್ಟದ್ದು ಚಲನೆ ಮಾತ್ರ.

ಚಲನೆ ಮಾತ್ರ ಬಿದ್ದಿರುವ ವರದಿ ಕಂಡಾಗ ಮಾದರಿ ಕೊಟ್ಟ ರೀತಿಯನ್ನು ಮೊದಲು ವಿಚಾರಿಸಬೇಕು. ಇವರು ಪೆರ್ಲದ ಮನೆಯಲ್ಲೇ ಮಾದರಿ ತೆಗೆದಿದ್ದರು. ತುಂಬಿದ್ದು ಸೋಪು ಹಾಕಿ ತೊಳೆದಿಟ್ಟ ಟಾನಿಕ್ ಬಾಟಲಿಯಲ್ಲಿ. ತೆಂಗಿನೆಣ್ಣೆ ಬಳಸಿದ್ದರು. ಕಾರಿನಲ್ಲಿ ಎಸಿ ಹಾಕಿಕೊಂಡು ತಲಪಾಡಿ ದಾಟಿ ಮಂಗಳೂರು ಮುಟ್ಟುವಾಗ ಎರಡು ಗಂಟೆ ಕಳೆದಿತ್ತು. ಸೋಪಿನ ಅಂಶ, ಎಣ್ಣೆ, ತಣ್ಣಗಿನ ಗಾಳಿ, ತಡ — ಒಂದೊಂದೂ ಚಲನೆಯನ್ನು ಕುಗ್ಗಿಸುವಂಥದ್ದು. ಇಲ್ಲಿ ನಾಲ್ಕೂ ಕೂಡಿದ್ದವು.

ಸರಿಯಾದ ಕ್ರಮ ಹೀಗೆ. ಎರಡರಿಂದ ಏಳು ದಿನ ಸಂಪರ್ಕವೂ ಸ್ಖಲನವೂ ಇಲ್ಲದೆ ಇರಬೇಕು. ಹೆಚ್ಚು ದಿನ ತಡೆದರೆ ಒಳ್ಳೆಯದೆಂಬುದು ತಪ್ಪು. ಹಳೆಯ ವೀರ್ಯಾಣು ಕೂಡಿಕೊಂಡು ಚಲನೆ ಇನ್ನೂ ಕಡಿಮೆ ಕಾಣುತ್ತದೆ. ಸಾಧ್ಯವಿದ್ದರೆ ಲ್ಯಾಬಿನಲ್ಲೇ, ಅವರು ಕೊಟ್ಟ ಡಬ್ಬಿಯಲ್ಲೇ ಕೊಡಬೇಕು. ಎಣ್ಣೆ, ಜೆಲ್, ಎಂಜಲು, ಅಂಗಡಿಯ ಕಾಂಡೋಮ್ ಯಾವುದೂ ಬೇಡ. ಮೊದಲ ಹನಿಯೇ ಹೊರಗೆ ಚೆಲ್ಲಿದ್ದರೆ ಅದನ್ನು ಹೇಳಬೇಕು, ಏಕೆಂದರೆ ಹೆಚ್ಚಿನ ವೀರ್ಯಾಣು ಇರುವುದು ಆ ಭಾಗದಲ್ಲೇ. ಮನೆಯಲ್ಲೇ ತೆಗೆಯುವುದಾದರೆ ಅರ್ಧ ಗಂಟೆಯೊಳಗೆ, ತೀರಾ ಕಷ್ಟವಾದರೆ ಒಂದು ಗಂಟೆಯೊಳಗೆ, ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ತಲುಪಿಸಬೇಕು. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಒಳಭಾಗದಿಂದ ಮಂಗಳೂರಿಗೆ ಇದು ಆಗುವ ಮಾತಲ್ಲ. ಅಂಥವರು ಲ್ಯಾಬಿಗೆ ಹೋಗಿಯೇ ಕೊಡಬೇಕು. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಎರಡು ತಿಂಗಳ ಹಿಂದೆ ಜೋರು ಜ್ವರ ಬಂದಿದ್ದರೂ ಇಂದಿನ ವರದಿಯಲ್ಲಿ ಅದರ ನೆರಳು ಇರುತ್ತದೆ. ಆದ್ದರಿಂದ ಒಂದೇ ವರದಿ ನೋಡಿ ಯಾರಿಗೂ ಹಣೆಪಟ್ಟಿ ಹಚ್ಚಬಾರದು.

ಇವರಿಗೆ ಹಚ್ಚಿಯಾಗಿತ್ತು. "ನಿಮ್ಮದೇ ತೊಂದರೆ" ಎಂಬ ಮಾತು ಹೊತ್ತುಕೊಂಡು ಶಾರ್ಜಾಕ್ಕೆ ವಾಪಸಾದರು.

ಸೊನ್ನೆ ಬಂದದ್ದು ಹೇಗೆ

ಎರಡನೇ ವರದಿಯ ಸೊನ್ನೆಯನ್ನು ನಾವು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಮತ್ತೊಮ್ಮೆ ಮಾದರಿ ಕೊಡಿಸಿ, ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕೆ ಕೂತದ್ದನ್ನು ನೋಡಿಸಿದೆವು. ಆಗಲೂ ಸೊನ್ನೆಯೇ. ಆದರೆ ಪ್ರಮಾಣ 2.6 ಮಿಲಿ, ಪಿಎಚ್ 7.8. ವೀರ್ಯನಾಳ ಹುಟ್ಟಿನಿಂದಲೇ ಇಲ್ಲದಿದ್ದರೆ ಅಥವಾ ಸ್ಖಲನ ನಾಳ ಕಟ್ಟಿಕೊಂಡಿದ್ದರೆ ಪ್ರಮಾಣ ಕಡಿಮೆಯಿದ್ದು ಆಮ್ಲೀಯವಾಗಿರುತ್ತದೆ. ಅದು ಇಲ್ಲಿ ಇರಲಿಲ್ಲ. ದೇಹ ಪರೀಕ್ಷೆಯಲ್ಲಿ ಎರಡೂ ವೃಷಣ ಮೆತ್ತಗೆ, ಅಳತೆಯ ಮಣಿಸರದಲ್ಲಿ 12 ಮಿಲಿ. ದೊಡ್ಡವರಲ್ಲಿ 15ಕ್ಕಿಂತ ಮೇಲಿರಬೇಕು. ಎಡಗಡೆ ಸಣ್ಣ ವೆರಿಕೋಸೀಲ್, ಅಂದರೆ ವೃಷಣದ ರಕ್ತನಾಳ ಉಬ್ಬಿದ್ದು, ಇತ್ತು. ಇಂಥದ್ದಕ್ಕೆ ಕತ್ತಿ ಹಾಕುವ ಅಗತ್ಯವಿಲ್ಲ.

ಬೆಳಿಗ್ಗೆ ಎಂಟೂವರೆಗೆ ರಕ್ತ ತೆಗೆಸಿದೆವು. ಎಫ್‌ಎಸ್‌ಎಚ್ 0.4, ಎಲ್‌ಎಚ್ 0.1, ಟೆಸ್ಟೋಸ್ಟೆರಾನ್ 1140. ಮೊದಲೆರಡು ವೃಷಣವನ್ನು ದುಡಿಸುವ ಹಾರ್ಮೋನುಗಳು, ಮೂರನೆಯದು ವೃಷಣದಲ್ಲೇ ಹುಟ್ಟುವ ಗಂಡು ಹಾರ್ಮೋನು. ಈ ಮೂರು ಅಂಕಿಗಳಲ್ಲೇ ಉತ್ತರ ಇತ್ತು. ವೃಷಣವೇ ಸೋತಿದ್ದರೆ ಮಿದುಳಿನ ಪಿಟ್ಯುಟರಿ ಗ್ರಂಥಿ ಅದನ್ನು ಎಬ್ಬಿಸಲು ಎಫ್‌ಎಸ್‌ಎಚ್ ಏರಿಸುತ್ತದೆ. ದಾರಿ ಮಾತ್ರ ಕಟ್ಟಿಕೊಂಡಿದ್ದರೆ ಎಫ್‌ಎಸ್‌ಎಚ್ ಸಹಜವಾಗಿರುತ್ತದೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಎಫ್‌ಎಸ್‌ಎಚ್, ಎಲ್‌ಎಚ್ ಜೊತೆ ಟೆಸ್ಟೋಸ್ಟೆರಾನೂ ಕೆಳಗಿರುತ್ತದೆ. ಆಗ ಪ್ರೊಲ್ಯಾಕ್ಟಿನ್, ಎಂಆರ್‌ಐ ನೋಡಬೇಕಾಗುತ್ತದೆ. ಎಫ್‌ಎಸ್‌ಎಚ್, ಎಲ್‌ಎಚ್ ನೆಲ ಕಚ್ಚಿದ್ದು ಟೆಸ್ಟೋಸ್ಟೆರಾನ್ ಮಾತ್ರ ಮೇಲಿದ್ದರೆ ಅದು ಹೊರಗಿನಿಂದ ಬಂದ ಟೆಸ್ಟೋಸ್ಟೆರಾನ್ ಎಂದೇ ಮೊದಲು ಶಂಕಿಸಬೇಕು.

"ಯಾವುದಾದರೂ ಮದ್ದು ತೆಗೆದುಕೊಳ್ಳುತ್ತೀರಾ?" ಎಂಬ ಪ್ರಶ್ನೆಗೆ ಅವರು ಮೊದಲೇ "ಇಲ್ಲ" ಎಂದಿದ್ದರು. ಸುಳ್ಳು ಹೇಳಿದ್ದಲ್ಲ, ಅವರ ಮಟ್ಟಿಗೆ ಅದು ಮದ್ದೇ ಆಗಿರಲಿಲ್ಲ. "ಶಕ್ತಿಗೆ ಅಂತ, ಜಿಮ್ಮಿನವರು ಹೇಳಿದರು ಅಂತ ಏನಾದರೂ ಇಂಜೆಕ್ಷನ್?" ಎಂದು ಕೇಳಿದ ಮೇಲೆ ಮೊಬೈಲಿನಿಂದ ಫೋಟೋ ತೆಗೆದು ತೋರಿಸಿದರು. 250 ಮಿಲಿಗ್ರಾಂ ಟೆಸ್ಟೋಸ್ಟೆರಾನ್, ಮೂರು ವಾರಕ್ಕೊಂದರಂತೆ, 14 ತಿಂಗಳು. ವೀರ್ಯಾಣು ದುರ್ಬಲ ಎಂದು ಕೇಳಿದ ಮೇಲೆ ಗಂಡಸುತನ ಹೆಚ್ಚಲಿ ಎಂದು ಶುರು ಮಾಡಿದ್ದು.

ಆಗುವುದು ಮಾತ್ರ ಇದರ ತದ್ವಿರುದ್ಧ. ವೃಷಣದೊಳಗಿನ ಟೆಸ್ಟೋಸ್ಟೆರಾನ್ ಮಟ್ಟ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು, ಆಗಲೇ ವೀರ್ಯಾಣು ತಯಾರಾಗುವುದು. ಸೂಜಿಯಿಂದ ಬಂದ ಟೆಸ್ಟೋಸ್ಟೆರಾನ್ ರಕ್ತದಲ್ಲಿ ತುಂಬಿಕೊಂಡರೆ ಪಿಟ್ಯುಟರಿ "ಸಾಕಷ್ಟಿದೆ" ಎಂದುಕೊಂಡು ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲಿಸುತ್ತದೆ. ವೃಷಣ ಕೆಲಸ ಬಿಟ್ಟು ಕುಗ್ಗುತ್ತದೆ. ಹುರುಪು, ಮೈಕಟ್ಟು ಚೆನ್ನಾಗಿರುವುದರಿಂದ ಅವರಿಗೆ ಸಂಶಯವೇ ಬರುವುದಿಲ್ಲ. ಮಗು ಬೇಕೆನ್ನುವ ಗಂಡಸಿಗೆ ಟೆಸ್ಟೋಸ್ಟೆರಾನ್ ಕೊಡಬಾರದು. ಇಂಜೆಕ್ಷನ್, ಜೆಲ್, ಮಾತ್ರೆ ಯಾವ ರೂಪದಲ್ಲೂ ಬೇಡ.

ಇಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಮಾತು ಬರದೆ ಇರುವುದಿಲ್ಲ. ಗಂಡನ ಬಾಲ್ಯ ಎಣ್ಮಕಜೆಯ ಗೇರು ತೋಟದ ಬದಿಯಲ್ಲಿ ಕಳೆದದ್ದು. 2000ದವರೆಗೆ ಆ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದನ್ನು ಕಣ್ಣಾರೆ ಕಂಡವರು. ಅಲ್ಲಿನ ಪಡ್ರೆ ಊರಿನ ಹುಡುಗರಲ್ಲಿ ಪ್ರೌಢತೆ ತಡವಾಗುತ್ತಿದೆ ಎಂಬ ಅಧ್ಯಯನ 2003ರಲ್ಲಿ ಪ್ರಕಟವಾಗಿದೆ, ಆ ಭಯಕ್ಕೆ ಆಧಾರವಿದೆ. ಸೊನ್ನೆ ಎಂದ ಕೂಡಲೇ ಅವರ ತಾಯಿ ಹೇಳಿದ್ದೂ ಅದನ್ನೇ. ಆದರೆ ವೃಷಣಕ್ಕೆ ಹಳೆಯ ಪೆಟ್ಟು ಬಿದ್ದು ವೀರ್ಯಾಣು ನಿಂತಿದ್ದರೆ ಎಫ್‌ಎಸ್‌ಎಚ್ ಮೇಲೇರಬೇಕಿತ್ತು. ಇಲ್ಲಿ ಅದು 0.4. ಈ ಒಬ್ಬರ ವಿಷಯದಲ್ಲಿ ಕಾರಣ ಸೂಜಿಯೇ. ಇದನ್ನು ಕುಟುಂಬದವರನ್ನು ಕೂರಿಸಿ ಬಿಡಿಸಿ ಹೇಳಲೇಬೇಕಾಗಿತ್ತು. ತಾನು ವಿಷ ತಿಂದವನು, ಸರಿಯಾಗಲಾರೆ ಎಂದುಕೊಂಡವರು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ.

ಇಂಜೆಕ್ಷನ್ ಅಂದೇ ನಿಂತಿತು. ನಿಂತ ಮೇಲಿನ ಎರಡು ಮೂರು ತಿಂಗಳು ಕಷ್ಟದ್ದು. ಸುಸ್ತು, ಕಾಮಾಸಕ್ತಿ ಕುಗ್ಗುವುದು, ಬೇಸರ. ಎಷ್ಟೋ ಮಂದಿ ಈ ಹಂತದಲ್ಲಿ ಮತ್ತೆ ಸೂಜಿಗೆ ಹೋಗುತ್ತಾರೆ. ಅದಕ್ಕಾಗಿ ಎಚ್‌ಸಿಜಿ 2000 ಯೂನಿಟ್, ವಾರಕ್ಕೆ ಮೂರು ಸಲ, ಚರ್ಮದಡಿಗೆ ಕೊಟ್ಟೆವು. ಇದು ಎಲ್‌ಎಚ್‌ನ ಕೆಲಸ ಮಾಡಿ ವೃಷಣದಲ್ಲೇ ಟೆಸ್ಟೋಸ್ಟೆರಾನ್ ಹುಟ್ಟಿಸುತ್ತದೆ. ಪುಡಿಯನ್ನು ಕಲಸಿದ ಮೇಲೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಕರೆಂಟು ಹೋಗುವ ಮಳೆಗಾಲದಲ್ಲಿ ಇದರ ಕಡೆ ವಿಶೇಷ ಗಮನ ಬೇಕು. ಮೂರು ತಿಂಗಳಲ್ಲೂ ವೀರ್ಯಾಣು ಕಾಣದಿದ್ದರೆ ಎಫ್‌ಎಸ್‌ಎಚ್ ಸೇರಿಸುವ ಯೋಜನೆಯಿತ್ತು, ಅಗತ್ಯ ಬೀಳಲಿಲ್ಲ. ವಂಶವಾಹಿ ಪರೀಕ್ಷೆಗಳನ್ನು, ಅಂದರೆ ಕ್ಯಾರಿಯೋಟೈಪ್ ಮತ್ತು ವೈ ಕ್ರೋಮೋಸೋಮ್ ಪರೀಕ್ಷೆಯನ್ನು, ತಡೆದಿಟ್ಟೆವು. ಕಾರಣ ಗೊತ್ತಿಲ್ಲದ ಸೊನ್ನೆಗೆ ಅವು ಬೇಕೇಬೇಕು, ಇಲ್ಲಿ ಕಾರಣ ಕೈಯಲ್ಲೇ ಇತ್ತು.

ಗಂಡ ಸಂಬಳವಿಲ್ಲದ ರಜೆ ಹಾಕಿ ಊರಿನಲ್ಲೇ ಉಳಿದರು. ತಂದೂರಿ ಒಲೆಯ ಕಾವೂ ತಪ್ಪಿತು, ಅದೂ ಲಾಭವೇ. 11 ವಾರಕ್ಕೆ ಮಿಲಿಗೆ 1.2 ಮಿಲಿಯನ್, ಐದನೇ ತಿಂಗಳಿಗೆ 14 ಮಿಲಿಯನ್, ಏಳನೇ ತಿಂಗಳಿಗೆ 27 ಮಿಲಿಯನ್, ಮುನ್ನುಗ್ಗುವ ಚಲನೆ ಶೇ 34. ಈ ಮೂರೂ ಮಾದರಿಗಳನ್ನು ಲ್ಯಾಬಿನಲ್ಲೇ ಕೊಟ್ಟಿದ್ದರು. ಎಲ್ಲರಿಗೂ ಇಷ್ಟು ಬೇಗ ಆಗುವುದಿಲ್ಲ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ತಿಂಗಳು, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ.

ಆ ಏಳು ತಿಂಗಳು ಹೆಂಡತಿಗೆ

ಕಾಯುವ ಸಮಯ ಹಾಳಾಗಲಿಲ್ಲ. ಎತ್ತರ 156 ಸೆಂ.ಮೀ., ತೂಕ 71 ಕೆ.ಜಿ. ಅಂಡದ ದಾಸ್ತಾನು ತಿಳಿಸುವ ಎಎಂಎಚ್ 8.2, ಎರಡೂ ಅಂಡಾಶಯಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು, ಅಂಡವಿರುವ ಸಣ್ಣ ಕೋಶಗಳು, ಮುಟ್ಟು ತಡ. ಪಿಸಿಒಎಸ್ ಎನ್ನಲು ಇಷ್ಟು ಸಾಕು. ಅದು ಅಂಡ ಮುಗಿದುಹೋದ ಕಾಯಿಲೆಯಲ್ಲ, ಅಂಡ ಧಾರಾಳವಾಗಿದ್ದೂ ಹೊತ್ತಿಗೆ ಸರಿಯಾಗಿ ಬಿಡುಗಡೆಯಾಗದ ಸ್ಥಿತಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡಿದಾಗ ಸಕ್ಕರೆ 152. ಮಧುಮೇಹವಲ್ಲ, ಅದರ ಹೊಸ್ತಿಲು. ಪಿಸಿಒಎಸ್ ಇರುವವರಿಗೆ ಬರೀ ಖಾಲಿ ಹೊಟ್ಟೆಯ ಸಕ್ಕರೆ ನೋಡಿ ಬಿಟ್ಟರೆ ಇದು ತಪ್ಪಿಹೋಗುತ್ತದೆ. ಮೆಟ್‌ಫಾರ್ಮಿನ್ 500ರಿಂದ ಶುರು ಮಾಡಿ, ಊಟದ ಜೊತೆಗೆ, ಒಂದು ತಿಂಗಳಲ್ಲಿ 1500ಕ್ಕೆ ಏರಿಸಿದೆವು. ಮೂರು ಹೊತ್ತು ಕುಚ್ಚಲಕ್ಕಿ ಗಂಜಿ, ಅನ್ನ ಇದ್ದದ್ದು ಎರಡು ಹೊತ್ತಿಗೆ ಇಳಿಯಿತು, ಬಟ್ಟಲಿನ ಅಳತೆ ಅರ್ಧವಾಯಿತು, ಹೆಸರುಕಾಳು, ಮೊಟ್ಟೆ, ಬಂಗುಡೆ ಹೆಚ್ಚಾಯಿತು. ತೂಕ ನಾಲ್ಕು ಕೆ.ಜಿ. ಇಳಿಯಿತು. ಶೇ 5 ಇಳಿದರೂ ಮುಟ್ಟಿನ ಲಯ ಸುಧಾರಿಸುವುದುಂಟು. ಇವರಿಗೂ 36 ದಿನಕ್ಕೆ ಬರತೊಡಗಿತು.

ರುಬೆಲ್ಲಾ ರೋಗನಿರೋಧಕ ಶಕ್ತಿ ಇರಲಿಲ್ಲ. ಲಸಿಕೆ ಹಾಕಿಸಿದರೆ ಒಂದು ತಿಂಗಳು ಗರ್ಭ ನಿಲ್ಲಬಾರದು. ಗಂಡನ ಕೌಂಟ್ ಇನ್ನೂ ಬಾರದ ಆ ಹೊತ್ತೇ ಅದಕ್ಕೆ ಸರಿಯಾದ ಸಮಯವಾಗಿತ್ತು, ಆದರೂ ಕಾಂಡೋಮ್ ಬಳಸಲು ಹೇಳಿದೆವು. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ ಶುರುವಾಯಿತು. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಸರಿಯಿದ್ದವು.

ಟ್ಯೂಬ್ ಟೆಸ್ಟಿನಲ್ಲಿ ಬಲಗಡೆಯ ನಾಳ ಗರ್ಭಕೋಶದ ಮೂಲೆಯಲ್ಲೇ ಕಟ್ಟಿದೆ, ಎಡಗಡೆ ಬಣ್ಣ ಸಲೀಸಾಗಿ ಹೊರಚೆಲ್ಲಿದೆ ಎಂದಿತ್ತು. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪ್ರೋಸ್ಕೋಪಿ ಮಾಡಿಸಿ ಎಂದು ಯಾರೋ ಬರೆದಿದ್ದರು. ನಾವು ಬೇಡ ಎಂದೆವು. ಮೂಲೆಯಲ್ಲಿ ಕಾಣುವ ಅಡ್ಡಿ ಎಷ್ಟೋ ಸಲ ನೋವಿಗೆ ಸ್ನಾಯು ಬಿಗಿದುಕೊಂಡದ್ದಷ್ಟೇ, ಬಣ್ಣವನ್ನು ರಭಸವಾಗಿ ತಳ್ಳಿದರೆ ಹೀಗಾಗುತ್ತದೆ. ಈ ಪರೀಕ್ಷೆಯನ್ನು ಮುಟ್ಟಿನ 6ರಿಂದ 10ನೇ ದಿನದೊಳಗೆ, ರಕ್ತ ನಿಂತ ಮೇಲೆ, ಒಂದು ಗಂಟೆ ಮೊದಲು ನೋವಿನ ಮಾತ್ರೆ ಕೊಟ್ಟು, ನಿಧಾನವಾಗಿ ಮಾಡಬೇಕು. ಎರಡೂ ಕಟ್ಟಿದ್ದರೆ, ಅಥವಾ ನಾಳ ನೀರು ತುಂಬಿ ಊದಿದ್ದರೆ ಮಾತು ಬೇರೆ. ಆಗ ಜನನಾಂಗದ ಕ್ಷಯವನ್ನೂ ತಪ್ಪದೆ ಹುಡುಕಬೇಕು, ನಮ್ಮ ದೇಶದಲ್ಲಿ ಅದು ನಾಳ ಕೆಡಿಸುವ ದೊಡ್ಡ ಕಾರಣ.

ಲೆಟ್ರೋಜೋಲ್‌ನ ಮೂರು ತಿಂಗಳು

ಗಂಡನ ವರದಿ ಸರಿಯಾದ ಮೇಲೆಯೇ ಅಂಡ ಬೆಳೆಸುವ ಮದ್ದಿಗೆ ಕೈಹಾಕಿದ್ದು. ಆರಿಸಿದ್ದು ಲೆಟ್ರೋಜೋಲ್. ಪಿಸಿಒಎಸ್ ಇರುವ 750 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಲೆಟ್ರೋಜೋಲ್ ಪಡೆದವರಲ್ಲಿ ಶೇ 27.5 ಮಂದಿಗೆ, ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1 ಮಂದಿಗೆ ಮಗುವಾಗಿತ್ತು.

ಮೊದಲ ತಿಂಗಳು 2.5 ಮಿಲಿಗ್ರಾಂ, ಮುಟ್ಟಿನ 3ರಿಂದ 7ನೇ ದಿನದವರೆಗೆ. 12ನೇ ದಿನದ ಸ್ಕ್ಯಾನಿಂಗಿನಲ್ಲಿ 10 ಮಿ.ಮೀ. ದಾಟಿದ ಕೋಶ ಒಂದೂ ಇಲ್ಲ. ಎರಡನೇ ತಿಂಗಳು 5 ಮಿಲಿಗ್ರಾಂ. 14ನೇ ದಿನಕ್ಕೆ 19 ಮಿ.ಮೀ. ಕೋಶ ಒಂದು ಬೆಳೆಯಿತು, ಆದರೆ ಬಲಗಡೆ. "ಆ ಬದಿಯ ಟ್ಯೂಬ್ ಬ್ಲಾಕ್ ಅಲ್ವಾ, ಈ ತಿಂಗಳು ಬಿಟ್ಟುಬಿಡುವುದಾ?" ಎಂದು ಹೆಂಡತಿ ಕೇಳಿದರು. ಬಿಡಬೇಕಾಗಿಲ್ಲ. ಬಲಗಡೆಯ ಅಂಡವನ್ನು ಎಡಗಡೆಯ ನಾಳ ಎತ್ತಿಕೊಳ್ಳುವುದೂ ಇದೆ, ಮೇಲಾಗಿ ಬಲನಾಳ ನಿಜವಾಗಿ ಕಟ್ಟಿದೆಯೋ ಎಂಬುದೇ ಸಂಶಯ. ಅಂಡ ಬಿಡುಗಡೆಯಾಗಬೇಕಾದ ದಿನದಿಂದ ಏಳು ದಿನದ ನಂತರ ಪ್ರೊಜೆಸ್ಟೆರಾನ್ 11.4. ಮೂರಕ್ಕಿಂತ ಮೇಲಿದ್ದರೆ ಅಂಡ ಬಿಡುಗಡೆಯಾಗಿದೆ ಎಂದರ್ಥ. ಈ ಪರೀಕ್ಷೆಯನ್ನು ಎಲ್ಲರಿಗೂ 21ನೇ ದಿನ ಮಾಡಿಸುವುದು ತಪ್ಪು, 36 ದಿನದ ಚಕ್ರದವರಿಗೆ ಅದು 29ನೇ ದಿನ ಬರಬೇಕು. ಗರ್ಭ ನಿಲ್ಲಲಿಲ್ಲ.

ಮೂರನೇ ತಿಂಗಳು ಅದೇ 5 ಮಿಲಿಗ್ರಾಂ. ಎಡಗಡೆ 20 ಮಿ.ಮೀ., ಗರ್ಭಕೋಶದ ಒಳಪದರ 8.5 ಮಿ.ಮೀ. ಒಂದು ದಿನ ಬಿಟ್ಟು ಒಂದು ದಿನ ಸಂಪರ್ಕ, ಅಷ್ಟೇ. ತೊಳೆದ ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ ಮಾಡಲಿಲ್ಲ. ಸಂಖ್ಯೆ, ಚಲನೆ, ನಾಳ ಸರಿಯಿದ್ದು ಅಂಡ ಬಿಡುಗಡೆಯೊಂದೇ ತೊಡಕಾಗಿದ್ದಾಗ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಹದಿನಾಲ್ಕು ದಿನದ ಮೇಲೆ ಗರ್ಭ ನಿಂತದ್ದನ್ನು ತೋರಿಸುವ ಬೀಟಾ ಎಚ್‌ಸಿಜಿ 168, ಎರಡು ದಿನ ಬಿಟ್ಟು 371. ಆರೂವರೆ ವಾರಕ್ಕೆ ಗರ್ಭಕೋಶದೊಳಗೇ ಒಂದು ಚೀಲ, ಹೃದಯ ಬಡಿತ ಸ್ಪಷ್ಟ. ಸಕ್ಕರೆಯನ್ನು ಆಗಲೇ ನೋಡಿ, 24ರಿಂದ 28 ವಾರದೊಳಗೆ ಮತ್ತೆ ನೋಡಬೇಕೆಂದು ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟೆವು.

ಕೌಂಟ್ ಏರದಿದ್ದರೆ ದಾರಿ ಬೇರೆಯಾಗುತ್ತಿತ್ತು. ತೊಳೆದ ಮಾದರಿಯಲ್ಲಿ ಚಲಿಸುವ ವೀರ್ಯಾಣು ಒಟ್ಟು 5 ಮಿಲಿಯನ್ ದಾಟಿದರೆ ಐಯುಐ, ಬಹಳ ಕಡಿಮೆಯೇ ಉಳಿದರೆ ಇಕ್ಸಿ. ಹೆಂಡತಿಗೆ 38 ಆಗಿದ್ದರೆ ಏಳು ತಿಂಗಳು ಕಾಯಿರಿ ಎಂದು ಹೇಳುವ ಧೈರ್ಯ ನಮಗೂ ಬರುತ್ತಿರಲಿಲ್ಲ. ಐವಿಎಫ್ ಬೇಕಾದವರಿಗೆ ಅದು ಬೇಗ ಸಿಗಬೇಕು; ಇವರು ಬೇಕಾದವರಾಗಿರಲಿಲ್ಲ, ಅಷ್ಟೇ.

ಕೌಂಟ್ 27 ತಲುಪಿದ ತಿಂಗಳೇ ಮೂರು ನಳಿಕೆ ವೀರ್ಯವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡಿಸಿದ್ದೆವು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಮೊದಲು ಆಗಬೇಕು, ಲಿಖಿತ ಒಪ್ಪಿಗೆ ಬೇಕು, ವೀರ್ಯ ಇಡುವ ಚಿಕಿತ್ಸಾ ಕೇಂದ್ರವು ಸಂತಾನ ನೆರವಿನ ಚಿಕಿತ್ಸೆಗಳಿಗೆ ಸಂಬಂಧಿಸಿದ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾಗಿರಬೇಕು. ಕರಗಿಸಿದಾಗ ಚಲನೆ ಅರ್ಧದಷ್ಟು ಬೀಳಬಹುದು, ಆದ್ದರಿಂದ ಒಂದೇ ನಳಿಕೆ ಇಟ್ಟು ನಿಶ್ಚಿಂತರಾಗಬಾರದು. ಗಂಡ ಈಗ ಶಾರ್ಜಾಕ್ಕೆ ವಾಪಸಾಗಿದ್ದಾರೆ, ನಳಿಕೆಗಳು ಎರಡನೇ ಮಗುವಿಗೆಂದು ಇವೆ.

45 ದಿನದ ರಜೆಗೆ ಬರುವ ಬೇರೆಯವರು ಹೀಗೆ ಮಾಡಬಹುದು. ವೀರ್ಯ ಪರೀಕ್ಷೆಯನ್ನು ಹೊರಡುವುದಕ್ಕೆ ಮೂರು ತಿಂಗಳು ಮೊದಲು ಅಲ್ಲಿಯ ಲ್ಯಾಬಿನಲ್ಲೇ ಮಾಡಿಸಿ ವರದಿಯನ್ನು ವಾಟ್ಸಾಪಿನಲ್ಲಿ ಕಳಿಸಬೇಕು. ಹೆಂಡತಿಯ ಸಕ್ಕರೆ, ಥೈರಾಯ್ಡ್, ರುಬೆಲ್ಲಾ, ಅಗತ್ಯವಿದ್ದರೆ ಟ್ಯೂಬ್ ಟೆಸ್ಟ್ ಅಷ್ಟರಲ್ಲಿ ಮುಗಿದಿರಬೇಕು. ಮುಟ್ಟು ತಡವಾಗುವವರಿಗೆ, ಗರ್ಭವಿಲ್ಲವೆಂದು ಖಚಿತ ಮಾಡಿಕೊಂಡು, ವೈದ್ಯರು ಪ್ರೊಜೆಸ್ಟೆರಾನ್ ಮಾತ್ರೆ ಕೊಟ್ಟು ಗಂಡ ಬರುವುದಕ್ಕೆ ನಾಲ್ಕು ದಿನ ಮೊದಲು ಮುಟ್ಟು ಬರುವಂತೆ ಹೊಂದಿಸಬಹುದು. ಮಾತ್ರೆ ನಿಲ್ಲಿಸಿದ ಎರಡರಿಂದ ಏಳು ದಿನಕ್ಕೆ ಮುಟ್ಟು ಬರುತ್ತದೆ. ಆಮೇಲೆ ಅಂಡ ಬೆಳೆಸುವ ಮದ್ದೂ ಹಿಡಿದರೆ ಅಂಡ ಬಿಡುಗಡೆ ರಜೆಯ 12ನೇ ದಿನದ ಹೊತ್ತಿಗೆ ಬೀಳುತ್ತದೆ. ಅದು ತಪ್ಪಿದರೆ 26ನೇ ದಿನದ ಸುಮಾರಿಗೆ ಮುಟ್ಟು, 41ನೇ ದಿನಕ್ಕೆ ಇನ್ನೊಂದು ಅವಕಾಶ. ವಾಪಸು ಹೋಗುವ ಟಿಕೆಟನ್ನು 40ನೇ ದಿನಕ್ಕೆ ಮಾಡಿಸಬೇಡಿ.